ಪ್ರೀಸೀಸನ್ ಟೆಸ್ಟಿಂಗ್ ನೋಡಿ ಎಫ್1 ಕಾರಿನ ಸಸ್ಪೆನ್ಷನ್, ಎಂಜಿನ್ ಎಷ್ಟರಮಟ್ಟಿಗಿದೆ ಅಂತ ಅಳೆಯೋದು ಹೇಗೆ

ಪ್ರೀಸೀಸನ್ ಟೆಸ್ಟಿಂಗ್ ಅಂದ್ರೆ ಸೀಸನ್ ಶುರುವಾಗೋ ಮುಂಚೆ ಟೀಮುಗಳು ಕಾರನ್ನ ಓಡಿಸಿ ಪರೀಕ್ಷೆ ಮಾಡೋದು. 2019ರಲ್ಲಿ ಅದು ಬಾರ್ಸಿಲೋನಾದಲ್ಲಿ 8 ದಿನ ನಡೀತು. ಎಲ್ಲಾ ಮುಗಿದ್ಮೇಲೆ ಟೈಮ್‌ಶೀಟ್ ತುದೀಲಿ ಫೆರಾರಿಯ ವೆಟೆಲ್ 1:16.221, ಅವನ ಬೆನ್ನಿಗೇ ಮರ್ಸಿಡಿಸ್‌ನ ಹ್ಯಾಮಿಲ್ಟನ್ 1:16.224. ಈ ವರ್ಷ ಫೆರಾರಿದೇ ಅಂತ ಸುಮಾರು ಜನ ತೀರ್ಮಾನ ಮಾಡ್ಬಿಟ್ರು. ಮೆಲ್ಬರ್ನ್ ರೇಸಲ್ಲಿ ಏನಾಯ್ತು? ಬೊಟ್ಟಾಸ್ ಗೆದ್ದ, ಹ್ಯಾಮಿಲ್ಟನ್ ಎರಡನೇದು, ಫೆರಾರಿಗಳು 4 ಮತ್ತು 5, ವೆಟೆಲ್ ಗೆದ್ದವನಿಗಿಂತ 57 ಸೆಕೆಂಡ್ ಹಿಂದೆ. ಅಲ್ಲಿಂದ ಸಾಲಾಗಿ ಮೊದಲ 5 ರೇಸಲ್ಲೂ ಮರ್ಸಿಡಿಸ್ 1-2, ಅಂದ್ರೆ ಮೊದಲೆರಡು ಸ್ಥಾನಾನೂ ಅವರದ್ದೇ.

ಹಾಗಂತ ಟೈಮ್‌ಶೀಟೇ ಸುಳ್ಳು ಅನ್ನೋಕೂ ಆಗಲ್ಲ. 2009ರಲ್ಲಿ ಹೋಂಡಾ ಕೈಬಿಟ್ಟ ಟೀಮನ್ನ ರಾಸ್ ಬ್ರಾನ್ ತಗೊಂಡು ಮಾರ್ಚಲ್ಲಿ ಬಾರ್ಸಿಲೋನಾಗೆ ಬಿಳಿ ಕಾರು ತಂದು ಎಲ್ಲರಿಗಿಂತ ಫಾಸ್ಟಾಗಿ ಓಡಿಸಿದಾಗ, ಸ್ಪಾನ್ಸರ್ ಹಿಡಿಯೋಕೆ ಖಾಲಿ ಟ್ಯಾಂಕಲ್ಲಿ ಓಡಿಸ್ತಿದಾರೆ ಅಂತ ಅನುಮಾನ ಪಟ್ಟವರೇ ಜಾಸ್ತಿ, ಆ ಅನುಮಾನಕ್ಕೆ ಕಾರಣಾನೂ ಇತ್ತು ಬಿಡಿ, 2001ರಲ್ಲಿ ಪ್ರಾಸ್ಟ್ ಟೀಮಿನ ಅಲೆಸಿ ಚಳಿಗಾಲದ ಟೆಸ್ಟಿಂಗಲ್ಲಿ ಮೇಲ್ಗಡೆ ಮಿಂಚಿ ಆಮೇಲೆ ಸೀಸನ್ ಪೂರ್ತಿ ಟೀಮಿಗೆ ಸಿಕ್ಕಿದ್ದು ಬರೀ 4 ಪಾಯಿಂಟ್. ಆದ್ರೆ ಬ್ರಾನ್ ಕಾರು ಮೆಲ್ಬರ್ನಲ್ಲಿ 1-2 ಬಂತು, ವರ್ಷದ ಕೊನೆಗೆ ಎರಡೂ ಚಾಂಪಿಯನ್‌ಶಿಪ್ ಅದರದ್ದೇ.

ಒಂದು ಲ್ಯಾಪ್ ಟೈಮಲ್ಲಿ ಇಂಧನ, ಟೈರು, ಎಂಜಿನ್ ಮೋಡ್ (ಎಷ್ಟು ಪವರ್ ಬಿಡ್ಬೇಕು ಅನ್ನೋ ಸೆಟ್ಟಿಂಗ್), ಗಾಳಿ, ರೆಕ್ಕೆ, ಸಸ್ಪೆನ್ಷನ್, ಡ್ರೈವರ್ ಎಲ್ಲಾ ಕಲಸಿಹೋಗಿರತ್ತೆ. ಅದನ್ನ ಒಂದೊಂದಾಗಿ ಬಿಡಿಸೋದೇ ನಮ್ಮ ಕೆಲಸ. ಇದಕ್ಕೆ ಎಂಜಿನಿಯರಿಂಗ್ ಓದಿರಬೇಕು ಅಂತೇನಿಲ್ಲ, ಲೈವ್ ಟೈಮಿಂಗ್, ಆನ್‌ಬೋರ್ಡ್ ವಿಡಿಯೋ, ಒಂದು ನೋಟ್‌ಬುಕ್ ಇದ್ರೆ ಸಾಕು. ಉದಾಹರಣೆಗೆ ಬಹ್ರೇನ್‌ನ ಸಾಖಿರ್ ಟ್ರ್ಯಾಕನ್ನೇ ತಗೊಳ್ತೀನಿ, 5.412 ಕಿ.ಮೀ., 15 ತಿರುವು, ಈಚಿನ ವರ್ಷಗಳಲ್ಲಿ ಟೆಸ್ಟಿಂಗ್ ಜಾಸ್ತಿ ನಡೆಯೋದೇ ಅಲ್ಲಿ.

ಮೊದಲು ಟೈಮನ್ನ ಸೋಸಿ

ಇಂಧನದಿಂದ ಶುರು ಮಾಡಿ. ಟ್ಯಾಂಕಲ್ಲಿ 10 ಕೆಜಿ ಜಾಸ್ತಿ ಇದ್ರೆ ಲ್ಯಾಪಿಗೆ ಸುಮಾರು 0.3 ಸೆಕೆಂಡ್ ಹೋಗತ್ತೆ, ಟ್ರ್ಯಾಕ್ ಮೇಲೆ ಒಂಚೂರು ಆಚೀಚೆ. 2025ರವರೆಗಿನ ಕಾರುಗಳಿಗೆ ರೇಸಿಗೆ 110 ಕೆಜಿ ಮಿತಿ ಇತ್ತು, ಅಂದ್ರೆ ತುಂಬಿದ ಟ್ಯಾಂಕಿಗೂ ಬರಿದಾದ ಟ್ಯಾಂಕಿಗೂ 3 ಸೆಕೆಂಡ್ ವ್ಯತ್ಯಾಸ. ಇಡೀ ಗ್ರಿಡ್‌ನ ಮೊದಲಿಂದ ಕೊನೆವರೆಗಿನ ಅಂತರಾನೇ ಎಷ್ಟೋ ಸಲ ಅದಕ್ಕಿಂತ ಕಮ್ಮಿ ಇರತ್ತೆ! ಹಾಗಾಗಿ ಎಷ್ಟು ಇಂಧನ ಇತ್ತು ಅಂತ ಗೊತ್ತಿಲ್ದೆ ಯಾರು ಫಾಸ್ಟು ಅಂತ ಜಗಳ ಆಡೋದು ಬರೀ ಟೈಮ್‌ಪಾಸ್.

ಟೈರು. ಪಿರೆಲ್ಲಿಯ ಸಿ1 ಗಟ್ಟಿ, ನಂಬರ್ ಏರ್ತಾ ಹೋದಂಗೆ ಮೆದು. ಬಹ್ರೇನ್ ರೇಸಿಗೆ ಸಾಮಾನ್ಯವಾಗಿ ಬರೋದು ಸಿ1, ಸಿ2, ಸಿ3. ಟೆಸ್ಟಿಂಗಲ್ಲಿ ಯಾರಾದ್ರೂ ಸಿ4 ಇಲ್ಲಾ ಸಿ5 ಹಾಕ್ಕೊಂಡು ಮೇಲೆ ಬಂದಿದ್ರೆ ಆ ಟೈಮನ್ನ ಪಕ್ಕಕ್ಕಿಡಿ. ಹಾಗೇ ಯಾವ ಹೊತ್ತಲ್ಲಿ ಹೊಡೆದದ್ದು ಅನ್ನೋದೂ ಮುಖ್ಯ, ಸಾಖಿರ್‌ನಲ್ಲಿ ಮಧ್ಯಾಹ್ನ ಟ್ರ್ಯಾಕ್ ಕಾದಿರತ್ತೆ, ಗಾಳಿ ಎದ್ರೆ ಮರಳೂ ಬರತ್ತೆ, ಸಂಜೆ ದೀಪ ಹಾಕಿದ್ಮೇಲೆ ತಣ್ಣಗಾಗಿ ಎಲ್ಲರ ಟೈಮೂ ಇಳಿಯತ್ತೆ. ಬೆಳಿಗ್ಗೆ ಓಡಿಸಿದವನನ್ನ ಸಂಜೆ ಓಡಿಸಿದವನ ಜೊತೆ ಹೋಲಿಸ್ಬೇಡಿ.

ಎಂಜಿನ್ ಮೋಡ್ ಮಾತ್ರ ನಮಗೆ ಕಾಣಲ್ಲ. ಟೆಸ್ಟಿಂಗಲ್ಲಿ ಪೂರ್ತಿ ಪವರ್ ಬಿಡೋ ಟೀಮುಗಳು ಕಮ್ಮಿ. ಅದನ್ನ ಹಿಡಿಯೋ ದಾರಿ ಇದೆ, ಮುಂದೆ ಹೇಳ್ತೀನಿ.

ಲಾಂಗ್ ರನ್ ಹಿಡೀರಿ

ಒಂದೇ ಒಂದು ಫಾಸ್ಟ್ ಲ್ಯಾಪ್ ಬಿಟ್ಟು, ಒಂದೇ ಸೆಟ್ ಟೈರಲ್ಲಿ 12-15 ಲ್ಯಾಪ್ ಸತತವಾಗಿ ಓಡಿಸಿದ ಸ್ಟಿಂಟ್ ಎಲ್ಲಿದೆ ಹುಡುಕಿ. ಟ್ರಾಫಿಕ್ ಸಿಕ್ಕ ಲ್ಯಾಪ್, ಬೇಕಂತ ನಿಧಾನ ಮಾಡಿದ ಲ್ಯಾಪ್ ಹೊಡೆದುಹಾಕಿ. ಉಳಿದದ್ದನ್ನ ಸಾಲಾಗಿ ಬರ್ಕೊಳ್ಳಿ.

ಒಂದು ಲೆಕ್ಕ ಮಾಡಿ ತೋರಿಸ್ತೀನಿ, ಅಂಕಿಗಳು ಸುಮ್ನೆ ಉದಾಹರಣೆಗೆ. ಒಂದು ಕಾರು 1:37.0ಗೆ ಶುರುಮಾಡಿ 15ನೇ ಲ್ಯಾಪಲ್ಲಿ 1:38.2 ಆಯ್ತು ಅನ್ಕೊಳ್ಳಿ, 14 ಹೆಜ್ಜೇಲಿ 1.2 ಸೆಕೆಂಡ್, ಅಂದ್ರೆ ಲ್ಯಾಪಿಗೆ ಸುಮಾರು 0.09 ನಿಧಾನ. ಆದ್ರೆ ಅಷ್ಟರಲ್ಲಿ ಇಂಧನಾನೂ ಉರಿದು ಕಾರು ಹಗುರ ಆಗಿದೆ, ಲ್ಯಾಪಿಗೆ 1.8 ಕೆಜಿ ಅಂತ ಹಿಡಿದ್ರೆ ಅದರಿಂದ 0.05 ಸೆಕೆಂಡ್ ಲಾಭ ಬರಬೇಕಿತ್ತು. ಎರಡನ್ನೂ ಕೂಡಿಸಿದ್ರೆ ಟೈರು ನಿಜವಾಗ್ಲೂ ಲ್ಯಾಪಿಗೆ 0.14 ಕಳೀತಿದೆ. ಇನ್ನೊಂದು ಕಾರು 1:37.4ಗೆ ಶುರುವಾಗಿ 1:38.0ಗೆ ಮುಗೀತು ಅಂದ್ರೆ ಅದರ ಡೆಗ್ (ಟೈರು ಸವೆದು ಲ್ಯಾಪಿಗೆ ಕಳೆಯೋ ಟೈಮ್) ಸುಮಾರು 0.10. ಮೊದಲ ಲ್ಯಾಪ್ ನೋಡಿದವರು ಮೊದಲನೇ ಕಾರೇ ಫಾಸ್ಟು ಅಂತಾರೆ, ರೇಸಲ್ಲಿ ನಂಗೆ ಬೇಕಾಗಿರೋದು ಎರಡನೇದು.

ಈ ಡೆಗ್ ಅಂಕಿನೇ ಸಸ್ಪೆನ್ಷನ್ ಬಗ್ಗೆ ಸಿಗೋ ಮೊದಲ ಸುಳಿವು. ಬಹ್ರೇನಲ್ಲಿ ಏಟು ತಿನ್ನೋದು ಹಿಂದಿನ ಟೈರು, ಯಾಕಂದ್ರೆ ನಿಧಾನದ ತಿರುವಿಂದ ಎದ್ದು ಓಡೋದೇ ಅಲ್ಲಿ ಜಾಸ್ತಿ. ಬಾರ್ಸಿಲೋನಾದಲ್ಲಿ ಉದ್ದುದ್ದ ಬಲತಿರುವು ಇರೋದ್ರಿಂದ ಮುಂದಿನ ಎಡಗಡೆ ಟೈರು ಸವೀತದೆ. ಬಾರ್ಸಿಲೋನಾದಲ್ಲಿ ಚೆನ್ನಾಗಿದ್ದ ಕಾರು ಬಹ್ರೇನಲ್ಲಿ ಹಿಂದಿನ ಟೈರು ಸುಟ್ಕೊಂಡ್ರೆ ತೊಂದರೆ ಯಾವ ಆಕ್ಸಲ್ ಕಡೆ ಅಂತ ಅಲ್ಲೇ ಗೊತ್ತಾಯ್ತಲ್ಲ.

ಇಂಧನ ಎಷ್ಟಿತ್ತು ಅಂತ ಊಹಿಸೋಕೆ ಒಂದು ಗಟ್ಟಿ ಉಪಾಯ ಇದೆ. ಕಾರು ಪಿಟ್‌ಗೆ ಬಂದು, ಗ್ಯಾರೇಜ್ ಒಳಗೆ ತಳ್ಳದೆ, ಹೊರಗೇ ಟೈರು ಬದಲಾಯಿಸ್ಕೊಂಡು ಕೆಲವೇ ಸೆಕೆಂಡಲ್ಲಿ ಹೊರಟ್ರೆ ಇಂಧನ ತುಂಬಿಲ್ಲ ಅಂತರ್ಥ. ಹಾಗೆ 57 ಲ್ಯಾಪ್, ಅಂದ್ರೆ ಪೂರ್ತಿ ಬಹ್ರೇನ್ ರೇಸ್ ದೂರ ಓಡಿಸಿದ್ರೆ, ಶುರುವಲ್ಲಿ ಟ್ಯಾಂಕ್ ಹೆಚ್ಚುಕಮ್ಮಿ ತುಂಬಿತ್ತು ಅನ್ನೋದು ಖಾತ್ರಿ. ಟೆಸ್ಟಿಂಗಲ್ಲಿ ಸುಳ್ಳು ಹೇಳೋಕೆ ಆಗದಿರೋ ಕೆಲವೇ ಜಾಗದಲ್ಲಿ ಇದೊಂದು. ಇಬ್ಬರು ಒಂದೇ ಸಂಜೆ ಹೀಗೆ ರೇಸ್ ಸಿಮ್ಯುಲೇಷನ್ (ಪೂರ್ತಿ ರೇಸಿನ ನಕಲು) ಮಾಡಿದ್ರೆ ಆ ಎರಡು ಸಾಲು ಪಕ್ಕಪಕ್ಕ ಇಟ್ಟು ನೋಡಿ, ಇಡೀ ವಾರದ ಟೈಮ್‌ಶೀಟಿಗಿಂತ ಅದು ಮೇಲು.

ಸಸ್ಪೆನ್ಷನ್ನು ಕಣ್ಣಲ್ಲಿ ನೋಡಿ

ಒಂದು ವಿಷ್ಯ ಮೊದಲೇ ಹೇಳ್ಬಿಡ್ತೀನಿ, ಸಸ್ಪೆನ್ಷನ್ನಿನ ಓರೆ ಸರಳು ಪುಲ್‌ರಾಡಾ (ಎಳೆಯೋದು) ಪುಶ್‌ರಾಡಾ (ತಳ್ಳೋದು) ಅಂತ ಫೋಟೋ ಝೂಮ್ ಮಾಡಿ ತೀರ್ಪು ಕೊಡೋದನ್ನ ಬಿಡಿ. 2022ರಲ್ಲಿ ರೆಡ್ ಬುಲ್ ಮುಂದೆ ಪುಲ್‌ರಾಡ್ ಹಿಂದೆ ಪುಶ್‌ರಾಡ್, ಫೆರಾರಿ ಸರಿಯಾಗಿ ತದ್ವಿರುದ್ಧ, ಸೀಸನ್ ಶುರುವಿನ ಮೂರು ರೇಸು ಈ ಎರಡೇ ಟೀಮು ಹಂಚ್ಕೊಂಡ್ವು. ಆ ಆಯ್ಕೆ ಮುಖ್ಯವಾಗಿ ಗಾಳಿ ಹರಿಯೋ ದಾರಿ ಮತ್ತು ಜಾಗದ ಲೆಕ್ಕಾಚಾರ. ಕಾರು ಟ್ರ್ಯಾಕಲ್ಲಿ ಹೇಗೆ ನಡ್ಕೊಳ್ಳತ್ತೆ ಅನ್ನೋದನ್ನ ನೋಡ್ಬೇಕು.

ನಿಧಾನದ ತಿರುವಲ್ಲಿ ರೆಕ್ಕೆ, ಫ್ಲೋರ್ (ಕಾರಿನ ತಳ) ಗಾಳಿಯಿಂದ ಕಾರನ್ನ ನೆಲಕ್ಕೆ ಒತ್ತೋ ಒತ್ತಡ ಕಮ್ಮಿ, ಅಲ್ಲಿ ಹಿಡಿತ ಕೊಡೋದು ಟೈರು ಮತ್ತು ಸಸ್ಪೆನ್ಷನ್. ವೇಗದ ತಿರುವಲ್ಲಿ ಏರೋ, ಅಂದ್ರೆ ಆ ಗಾಳಿ ಒತ್ತಡದ್ದೇ ರಾಜ್ಯ. ಸಾಖಿರಲ್ಲಿ ಟರ್ನ್ 1, 8, 10 ನಿಧಾನದ್ದು, 5-6-7ರ ಅಂಕುಡೊಂಕು ಮತ್ತು 12 ವೇಗದ್ದು. ವೇಗದ್ದರಲ್ಲಿ ಹಳಿ ಮೇಲಿದ್ದಂಗೆ ಹೋಗೋ ಕಾರು ಟರ್ನ್ 8ರ ಹೇರ್‌ಪಿನ್‌ನಲ್ಲಿ ಮೂತಿ ತಿರುಗಿಸೋಕೆ ಒದ್ದಾಡ್ತಿದ್ರೆ ಏರೋ ಚೆನ್ನಾಗಿದೆ, ಮೆಕ್ಯಾನಿಕಲ್ ಕಡೆ ಸಮಸ್ಯೆ ಇದೆ ಅಂತ. ಸಾಮಾನ್ಯವಾಗಿ ಫ್ಲೋರನ್ನ ನೆಲಕ್ಕೆ ಹತ್ತಿರ, ಅಲ್ಲಾಡದಂಗೆ ಹಿಡಿಯೋಕೆ ಸಸ್ಪೆನ್ಷನ್ ಕಲ್ಲಿನಂಗೆ ಗಟ್ಟಿ ಮಾಡಿರ್ತಾರೆ, 2022ರಿಂದ 2025ರ ಗ್ರೌಂಡ್ ಎಫೆಕ್ಟ್ (ತಳದ ಕೆಳಗಿನ ಗಾಳಿಯಿಂದ ನೆಲಕ್ಕೆ ಅಂಟೋ) ಕಾರುಗಳ ದೊಡ್ಡ ತಲೆನೋವೇ ಅದು.

ಒಂದೇ ಒಂದು ಜಾಗ ನೋಡೋಕೆ ಟೈಮಿದ್ರೆ ನಾನು ಟರ್ನ್ 10 ಅಂತೀನಿ. 9ರಲ್ಲಿ ಎಡಕ್ಕೆ ತಿರುಗ್ತಾ ಇರೋವಾಗ್ಲೇ ಬ್ರೇಕ್ ಹಿಡೀಬೇಕು, ರಸ್ತೆ ಇಳಿಜಾರು, ಮುಂದೆ ಬಿಗಿಯಾದ ಎಡತಿರುವು. ಭಾರ ಎಲ್ಲಾ ಬಲಗಡೆಗೆ ವಾಲಿರತ್ತೆ, ಒಳಗಡೆಯ ಮುಂದಿನ ಎಡ ಚಕ್ರದ ಮೇಲೆ ಭಾರಾನೇ ಇರಲ್ಲ, ಬ್ರೇಕ್ ಒಂಚೂರು ಜಾಸ್ತಿ ಆದ್ರೂ ಅದು ಉರುಳೋದು ನಿಂತು ಬಿಳಿ ಹೊಗೆ ಎದ್ದು ಕಾರು ಸೀದಾ ಹೊರಗಡೆ ಜಾರತ್ತೆ. ಒಬ್ಬ ಡ್ರೈವರ್ ಒಂದು ಸಲ ಹೀಗೆ ಚಕ್ರ ಲಾಕ್ ಮಾಡಿದ್ರೆ ಅದು ಅವನ ಕಾಲಿನ ತಪ್ಪು. ಅದೇ ಟೀಮಿನ ಇಬ್ಬರೂ, ಬೇರೆಬೇರೆ ಟೈರಲ್ಲಿ, ಬೆಳಿಗ್ಗೆ ಸಂಜೆ ಎರಡೂ ಹೊತ್ತು ಲಾಕ್ ಮಾಡ್ತಿದ್ರೆ ಮುಂದಿನ ಸಸ್ಪೆನ್ಷನ್ ವಾಲದಂಗೆ ತುಂಬಾ ಗಟ್ಟಿ ಮಾಡಿದಾರೆ ಇಲ್ಲಾ ಬ್ರೇಕ್ ಹಂಚಿಕೆ ಸರಿ ಕೂತಿಲ್ಲ. ಒಳಗಿನ ಚಕ್ರ ನೆಲ ಬಿಟ್ಟು ಮೇಲೇಳತ್ತಾ ಅಂತ ಸ್ಲೋ ಮೋಷನಲ್ಲಿ ನೋಡಿ, ತಿಳಿಯತ್ತೆ.

ಅದೇ ಟರ್ನ್ 10ರಿಂದ ಹೊರಗೆ ಬರೋದನ್ನೂ ಬಿಡ್ಬೇಡಿ. ಆನ್‌ಬೋರ್ಡ್‌ನಲ್ಲಿ ಡ್ರೈವರ್ ಕೈ ನೋಡಿ. ಥ್ರಾಟಲ್ ಒತ್ತಿದ ಕೂಡ್ಲೇ ಸ್ಟಿಯರಿಂಗ್‌ನ ಉಲ್ಟಾ ಕಡೆ ಚಿಕ್ಕಚಿಕ್ಕದಾಗಿ ತಿದ್ದುತಾ ಇದ್ರೆ ಹಿಂದಿನ ಭಾಗ ಜಾರ್ತಿದೆ, ಸಸ್ಪೆನ್ಷನ್ ಪವರನ್ನ ನೆಲಕ್ಕೆ ಇಳಿಸ್ತಿಲ್ಲ. ತಿದ್ದದೇ ಇದ್ರೂ ಎಂಜಿನ್ ಸದ್ದು ಕೇಳಿ, ರೆವ್ ಪೂರ್ತಿ ಏರೋ ಮುಂಚೆನೇ ಗೇರ್ ಮೇಲೆ ಹಾಕ್ತಿದಾನಾ? ಹಾಗಿದ್ರೆ ಚಕ್ರ ಸುಮ್ನೆ ಸುತ್ತದಂಗೆ ಟಾರ್ಕ್ ಕಮ್ಮಿ ಮಾಡ್ಕೊಳ್ತಿದಾನೆ. ಇದನ್ನ ನೋಡಿ ಎಂಜಿನ್ ವೀಕು ಅನ್ನೋರೂ ಇದಾರೆ, ಅದು ಎಂಜಿನ್ ತೊಂದರೆ ಅಲ್ಲವೇ ಅಲ್ಲ. ತಿರುವಿನ ನಡುವೆ ಕೈ ಇನ್ನೂ ಇನ್ನೂ ತಿರುಗಿಸ್ತಾ ಹೋಗಿ ಕಾರು ಮಾತು ಕೇಳ್ತಿಲ್ಲ ಅಂದ್ರೆ ಅಂಡರ್‌ಸ್ಟಿಯರ್.

ತಿರುವಿನ ಅಂಚಿನ ಉಬ್ಬುಪಟ್ಟಿ, ಅಂದ್ರೆ ಕರ್ಬ್ ಮೇಲೆ ಹತ್ತಿಸಿದಾಗ ಒಳ್ಳೆ ಸಸ್ಪೆನ್ಷನ್ ಇರೋ ಕಾರು ಒಂದು ಸಲ ಎದ್ದು ಒಂದು ಸಲ ಕೂತು ಸುಮ್ಮನಾಗತ್ತೆ. ಎರಡು ಮೂರು ಸಲ ಪುಟಿದ್ರೆ ಡ್ಯಾಂಪಿಂಗ್ (ಪುಟಿಯೋದನ್ನ ತಡೆಯೋದು) ಸರಿಯಿಲ್ಲ. ಡ್ರೈವರ್ ಕರ್ಬನ್ನೇ ತಪ್ಪಿಸ್ಕೊಂಡು ಹೋಗ್ತಿದ್ರೆ ಅದೂ ಒಂದು ಸುಳಿವೇ, ಪಕ್ಕದ ಟೀಮಿನವನು ಧಾರಾಳವಾಗಿ ಹತ್ತಿಸ್ತಿರೋ ಜಾಗದಲ್ಲಿ ಇವನು ಯಾಕೆ ಹೆದರ್ತಿದಾನೆ ಅಂತ ಕೇಳ್ಕೊಳ್ಳಿ.

ಪಾರ್ಪಸಿಂಗ್ ಮತ್ತು ಬರೀ ಬೌನ್ಸಿಂಗ್ ಬೇರೆಬೇರೆ, ಜನ ಎರಡನ್ನೂ ಕಲಸಿಬಿಡ್ತಾರೆ. ರಸ್ತೆ ಉಬ್ಬಿಗೆ ಕಾರು ಕುಕ್ಕರಿಸಿದ್ರೆ ಅದು ಗಟ್ಟಿ ಸಸ್ಪೆನ್ಷನ್ನು, ಉಬ್ಬು ದಾಟಿದ್ಮೇಲೆ ನಿಲ್ಲತ್ತೆ. ಪಾರ್ಪಸಿಂಗ್ ಆದ್ರೆ ನುಣ್ಣನೆ ರಸ್ತೇಲೂ ವೇಗ ಏರ್ತಾ ಏರ್ತಾ ಕಾರು ಕುದುರೆ ಥರ ಕುಣಿಯೋಕೆ ಶುರುಮಾಡಿ ಬ್ರೇಕ್ ಹಿಡಿಯೋವರೆಗೂ ನಿಲ್ಲಲ್ಲ, ಫ್ಲೋರ್ ಕೆಳಗಿನ ಎಳೆತ ಹೆಚ್ಚಾಗಿ ಕಾರು ಕೆಳಗಿಳಿದು, ಗಾಳಿ ಕಟ್ಟಿ ಎಳೆತ ತಪ್ಪಿ ಮೇಲೆದ್ದು, ಮತ್ತೆ ಎಳೆದು, ಹೀಗೇ. 2022ರ ಮರ್ಸಿಡಿಸ್ ಟೆಸ್ಟಿಂಗ್ ಪೂರ್ತಿ ಹಾಗೇ ಕುಣೀತು. ಮರ್ಸಿಡಿಸ್ ಅಲ್ವಾ, ಸ್ಯಾಂಡ್‌ಬ್ಯಾಗಿಂಗ್ ಮಾಡ್ತಿದಾರೆ, ರೇಸಲ್ಲಿ ನೋಡಿ ಅಂದವರು ತುಂಬ ಜನ. ಆದ್ರೆ ಸಾಮರ್ಥ್ಯ ಬಚ್ಚಿಡೋನು ಡ್ರೈವರ್ ಬೆನ್ನು ಮುರಿಯೋ ಥರ ಕುಣಿಸಿ ಬಚ್ಚಿಡಲ್ಲ. ಕಾರು ನಿಜವಾಗ್ಲೂ ಹಿಂದೆ ಇತ್ತು.

ಮೆಕ್ಯಾನಿಕ್ ಕೆಲಸಾನೂ ಗಮನಿಸಿ. ಐದ್ಹತ್ತು ನಿಮಿಷದಲ್ಲಿ ಸಣ್ಣ ಬದಲಾವಣೆ ಮಾಡಿ ಹೊರಗೆ ಕಳಿಸ್ತಾ, ಪ್ರತಿ ಸಲ ಟೈಮ್ ಒಂದೇ ದಿಕ್ಕಲ್ಲಿ ಸರೀತಿದ್ರೆ ಕಾರು ಅವರ ಮಾತು ಕೇಳ್ತಿದೆ. ಎರಡನೇ ದಿನಾನೂ ಮುಂದಗಡೆ ಕವರ್ ಬಿಚ್ಚಿ ಗಂಟೆಗಟ್ಲೆ ತಡಕಾಡ್ತಿದ್ರೆ ಹುಷಾರು. ಆನ್‌ಬೋರ್ಡ್ ಎಷ್ಟು ಹೇಳ್ಬಿಡತ್ತೆ ಅನ್ನೋಕೆ 2020ರ ಬಾರ್ಸಿಲೋನಾ ನೆನಪಿಸ್ಕೊಳ್ಳಿ, ಎರಡನೇ ದಿನ ಹ್ಯಾಮಿಲ್ಟನ್ ನೇರ ದಾರೀಲಿ ಸ್ಟಿಯರಿಂಗನ್ನ ತನ್ನ ಕಡೆಗೆ ಎಳ್ಕೊಂಡು, ಬ್ರೇಕ್‌ಗೆ ಮುಂಚೆ ವಾಪಸ್ ತಳ್ಳಿದ್ದು ಕ್ಯಾಮೆರಾದಲ್ಲಿ ಕಂಡು, ಮುಂದಿನ ಚಕ್ರಗಳ ಕೋನ ಓಡ್ತಾನೇ ಬದಲಾಯಿಸೋ ಡಿಎಎಸ್ ಬಯಲಾಯ್ತು. 2021ಕ್ಕೆ ಅದನ್ನ ನಿಷೇಧಿಸಿದ್ರು.

2026ರ ನಿಯಮದಲ್ಲಿ ಇನ್ನೊಂದು ಸೇರ್ಕೊಂಡಿದೆ. ನೇರ ದಾರೀಲಿ ಮುಂದಿನ, ಹಿಂದಿನ ಎರಡೂ ರೆಕ್ಕೆ ತೆರ್ಕೊಂಡು ಒತ್ತಡ ಕಮ್ಮಿಯಾಗತ್ತೆ, ಬ್ರೇಕ್ ಹೊತ್ತಿಗೆ ಮುಚ್ಕೊಂಡು ಒತ್ತಡ ದಿಢೀರ್ ವಾಪಸ್ ಬರತ್ತೆ. ಆ ಕ್ಷಣದಲ್ಲಿ ಟರ್ನ್ 1ರಲ್ಲಿ ಕಾರು ನೀಟಾಗಿ ಕೂರತ್ತಾ, ಇಲ್ಲಾ ಮೂತಿ ಕುಸಿದು ಹಿಂಭಾಗ ಅಲ್ಲಾಡತ್ತಾ ನೋಡಿ.

ಎಂಜಿನ್: ಒಂದು ಸ್ಪೀಡ್ ಸಾಲದು, ಮೂರು ಬೇಕು

ಸ್ಪೀಡ್ ಟ್ರ್ಯಾಪ್‌ನ (ಟ್ರ್ಯಾಕಲ್ಲಿ ವೇಗ ಅಳೆಯೋ ಜಾಗ) ಒಂದು ಅಂಕಿ ಹಿಡ್ಕೊಂಡು ಎಂಜಿನ್ ಅಳೆಯೋಕಾಗಲ್ಲ. ಮುಂದಿನ ಕಾರಿನ ಗಾಳಿಮರೆ ಸಿಕ್ಕಿರಬಹುದು, ಚಪ್ಪಟೆ ರೆಕ್ಕೆ ಹಾಕಿರಬಹುದು. ಸಾಖಿರ್‌ನ ಮುಖ್ಯ ನೇರ ದಾರಿ 1 ಕಿ.ಮೀ. ಮೇಲಿದೆ, ಅದರಲ್ಲಿ ಶುರು, ನಡು, ಕೊನೆ ಅಂತ ಮೂರು ಕಡೆ ವೇಗ ನೋಡಿ, ಟಿವಿ ಗ್ರಾಫಿಕ್ಸಲ್ಲಿ ಕಾಣೋದೇ ಸಾಕು. ಶುರುವಲ್ಲಿ ಹಿಂದಿದ್ರೆ ಟ್ರ್ಯಾಕ್ಷನ್ (ಪವರನ್ನ ನೆಲಕ್ಕೆ ಇಳಿಸೋ ಹಿಡಿತ) ಕಡೆ ಬೊಟ್ಟು ಮಾಡಿ. ಶುರು, ನಡು ಚೆನ್ನಾಗಿದ್ದು ಕೊನೇಲಿ ಮಾತ್ರ ವೇಗ ಏರದೆ ನಿಂತ್ರೆ ಎರಡು ಕಾರಣ ಇರಬಹುದು, ಡ್ರ್ಯಾಗ್ (ಗಾಳಿಯ ತಡೆ) ಜಾಸ್ತಿ ಇರೋದು ಅಥವಾ ಬ್ಯಾಟರಿ ಖಾಲಿ ಆಗಿರೋದು.

ಆ ಎರಡನ್ನ ಬೇರೆ ಮಾಡೋಕೆ ಕಿವಿ, ಕಣ್ಣು ಎರಡೂ ಬೇಕು. ಬ್ಯಾಟರಿ ಮುಗಿದ ಕಾರಲ್ಲಿ ಬ್ರೇಕ್‌ಗೆ ಇನ್ನೂ ದೂರ ಇರೋವಾಗ್ಲೇ ಸದ್ದು ಬದಲಾಗತ್ತೆ, ಹಿಂದಿನ ಕೆಂಪು ದೀಪ ಮಿನುಗೋಕೆ ಶುರುವಾಗತ್ತೆ, ಅಂದ್ರೆ ಎಲೆಕ್ಟ್ರಿಕ್ ಪವರ್ ನಿಂತು ಚಾರ್ಜ್ ತುಂಬ್ಕೊಳ್ತಿದೆ. ಬೇರೆ ಟೀಮಿನ ದೀಪಕ್ಕಿಂತ ಎಷ್ಟು ಬೇಗ ಮಿನುಗತ್ತೆ ಅಂತ ಟ್ರ್ಯಾಕ್ ಪಕ್ಕದ ಬೋರ್ಡು, ಸೇತುವೆ ಗುರುತಿಟ್ಕೊಂಡು ನೋಡಿ. 2026ರಿಂದ ಇದು ಹಿಂದೆಂದಿಗಿಂತ ಮುಖ್ಯ, ಎಂಜಿಯು-ಎಚ್ (ಟರ್ಬೊದಿಂದ ಕರೆಂಟ್ ತೆಗೆಯೋ ಮೋಟರ್) ತೆಗೆದುಹಾಕಿದಾರೆ, ಎಂಜಿಯು-ಕೆ (ಬ್ರೇಕ್ ಹಿಡಿದಾಗ ಚಾರ್ಜ್ ಮಾಡಿ ಆಮೇಲೆ ಚಕ್ರಕ್ಕೆ ಪವರ್ ಕೊಡೋ ಮೋಟರ್) ಪವರ್ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿದೆ, ಖರ್ಚು ದೊಡ್ಡದಾಗಿ ಆದಾಯ ಸಾಲದಿರೋ ಪರಿಸ್ಥಿತಿ. ಯಾರು ಎಲ್ಲಿ ಉಳಿಸಿ ಎಲ್ಲಿ ಸುರೀತಾರೆ ಅನ್ನೋದೇ ಅರ್ಧ ಆಟ.

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆ ವಿಧಾನ, ಒಂದೇ ಎಂಜಿನ್ ಹಾಕಿರೋ ಟೀಮುಗಳನ್ನ ಗುಂಪು ಮಾಡಿ ನೋಡೋದು. 2026ಕ್ಕೆ ಮರ್ಸಿಡಿಸ್ ಎಂಜಿನ್ ಮರ್ಸಿಡಿಸ್, ಮೆಕ್ಲಾರೆನ್, ವಿಲಿಯಮ್ಸ್, ಆಲ್ಪೀನ್ ಕಾರಲ್ಲಿ, ಫೆರಾರಿದು ಫೆರಾರಿ, ಹಾಸ್, ಕ್ಯಾಡಿಲಾಕಲ್ಲಿ, ರೆಡ್ ಬುಲ್ ಫೋರ್ಡ್‌ದು ಅವರ ಎರಡು ಟೀಮಲ್ಲಿ. ಗುಂಪಿನ ಎಲ್ಲಾ ಕಾರೂ ನೇರ ದಾರೀಲಿ ಸೊರಗಿದ್ರೆ ಎಂಜಿನ್ ಕಡೆ ಅನುಮಾನ ಪಡಿ. ಒಂದು ಮಾತ್ರ ಸೊರಗಿದ್ರೆ ಅದರ ಡ್ರ್ಯಾಗು, ಇಲ್ಲಾ ಎಂಜಿನ್ ಪವರ್ ಇಳಿಸಿ ಓಡಿಸ್ತಿದಾರೆ. ಮೋಡ್ ಹಿಡಿಯೋ ದಾರಿ ಅಂದೆನಲ್ಲ, ಇದೇ ಅದು, ಗುಂಪಲ್ಲಿ ಯಾವ ಕಾರು ನೇರ ದಾರೀಲಿ ಜಾಸ್ತಿ ಓಡಿತೋ ಅದು ಆ ಎಂಜಿನ್‌ಗೆ ಕನಿಷ್ಠ ಇಷ್ಟಾದ್ರೂ ತಾಕತ್ತಿದೆ ಅಂತ ತೋರಿಸಿಕೊಟ್ಟಂಗಾಯ್ತು. ಹೋಂಡಾ ಆಸ್ಟನ್ ಮಾರ್ಟಿನಲ್ಲಿ ಮಾತ್ರ, ಔಡಿ ತನ್ನ ಕಾರಲ್ಲಿ ಮಾತ್ರ ಇರೋದ್ರಿಂದ ಅವೆರಡಕ್ಕೆ ಈ ಉಪಾಯ ನಡೆಯಲ್ಲ.

ಬಿಸಿ ಬಗ್ಗೆ ಒಂದೆರಡು ಮಾತು. ಫೆಬ್ರವರಿಯಲ್ಲಿ ಬಹ್ರೇನ್ ಅಷ್ಟೇನೂ ಸುಡಲ್ಲ. ಆಗ್ಲೇ ಎಂಜಿನ್ ಕವರ್ ಮೇಲೆ ಸಾಲುಸಾಲು ಸೀಳು ತೆರೆದು, ಹಿಂದಗಡೆ ದೊಡ್ಡ ಬಾಯಿ ಬಿಟ್ಕೊಂಡು ಓಡಿಸ್ತಿದ್ರೆ ಬೇಸಿಗೆ ರೇಸಲ್ಲಿ ಏನ್ಮಾಡ್ತಾರೆ? ಹೊಗೆ ಬಂದ್ರೆ ಬಣ್ಣ ನೋಡಿ, ನೀಲಿ ಛಾಯೆ ಇದ್ರೆ ಆಯಿಲ್ ಉರೀತಿದೆ, ಬಿಳಿ ಆವಿ ಆದ್ರೆ ಕೂಲಂಟ್.

ಎಷ್ಟು ಲ್ಯಾಪ್ ಓಡಿತು

ಒಳ್ಳೆ ದಿನ ಒಂದು ಟೀಮು 150 ಲ್ಯಾಪ್ ಓಡಿಸತ್ತೆ, ಅದು ಎರಡೂವರೆ ರೇಸ್ ದೂರ. 2014ರ ಹೆರೆಝ್ ಟೆಸ್ಟಿಂಗಲ್ಲಿ, ಹೈಬ್ರಿಡ್ ಎಂಜಿನ್ ಮೊದಲ ಸಲ ಬಂದಾಗ, 4 ದಿನಕ್ಕೆ ಮರ್ಸಿಡಿಸ್ 309 ಲ್ಯಾಪ್, ರೆನೋ ಎಂಜಿನ್‌ನ ರೆಡ್ ಬುಲ್ ಬರೀ 21. ಮರ್ಸಿಡಿಸ್ ಆ ವರ್ಷ ಎಲ್ಲರನ್ನೂ ಗುಡಿಸಿಹಾಕಿತು. 2015ರಲ್ಲಿ ಮೆಕ್ಲಾರೆನ್ ಹೋಂಡಾ ಅದೇ ಹೆರೆಝಲ್ಲಿ 79 ಲ್ಯಾಪ್ ಅಷ್ಟೇ ಓಡಿ ಸೀಸನ್ ಕೊನೆಗೆ 9ನೇ ಸ್ಥಾನ. ಆದ್ರೆ 21 ಲ್ಯಾಪ್‌ನ ರೆಡ್ ಬುಲ್ 3 ರೇಸ್ ಗೆದ್ದು ಎರಡನೇ ಸ್ಥಾನಕ್ಕೆ ಬಂತು, ಯಾಕಂದ್ರೆ ಕಾರು ಒಳ್ಳೇದಿತ್ತು, ಎಂಜಿನ್ ರಿಪೇರಿ ಆಗೋವಂಥದ್ದಿತ್ತು. ಹಾಗಾಗಿ ಲ್ಯಾಪ್ ಎಣಿಸೋವಾಗ ಯಾಕೆ ನಿಂತ್ರು ಅಂತಾನೂ ಬರ್ಕೊಳ್ಳಿ. ಅರ್ಧ ಗಂಟೇಲಿ ವಾಪಸ್ ಬಂದ್ರೆ ಸೆನ್ಸರ್ ಥರದ ಚಿಲ್ಲರೆ ತೊಂದರೆ, ಮಧ್ಯಾಹ್ನ ಪೂರ್ತಿ ಗ್ಯಾರೇಜ್ ಮುಂದೆ ಪರದೆ ಇಳಿಬಿಟ್ಟಿದ್ರೆ ಎಂಜಿನ್ನೇ ಇಳಿಸ್ತಿದಾರೆ ಅನ್ಕೊಳ್ಳಬಹುದು. ಒಂದೇ ತೊಂದರೆ ಎರಡು ದಿನ ಬಂದ್ರೆ, ಅದೂ ಅದೇ ಎಂಜಿನ್‌ನ ಇನ್ನೊಂದು ಟೀಮಿಗೂ ಬಂದ್ರೆ, ಅದು ಬೇಗ ಹೋಗೋದಲ್ಲ.

ಟೆಸ್ಟಿಂಗ್ ತೋರಿಸದೇ ಇರೋದೂ ಇದೆ. 2022ರಲ್ಲಿ ರೆಡ್ ಬುಲ್ ಬಹ್ರೇನ್ ಟೆಸ್ಟಿಂಗಲ್ಲಿ ಚೆನ್ನಾಗೇ ಓಡಿ, ಕೊನೇ ದಿನ ವರ್ಸ್ಟಾಪ್ಪೆನ್ ಟಾಪ್ ಟೈಮ್ ಹೊಡೆದ. ಮುಂದಿನ ವಾರ ಅದೇ ಟ್ರ್ಯಾಕಲ್ಲಿ ರೇಸು, ಇನ್ನೇನು ಮುಗೀತು ಅನ್ನೋವಾಗ ಅವರ ಎರಡೂ ಕಾರು ಇಂಧನ ವ್ಯವಸ್ಥೆ ಕೈಕೊಟ್ಟು ನಿಂತ್ವು. ನಿಜವಾದ ರೇಸಿನ ಕೊನೆ ಲ್ಯಾಪುಗಳ ಒತ್ತಡ ಟೆಸ್ಟಿಂಗಲ್ಲಿ ಹಾಗೇ ಬರಲ್ಲ.

ಮೂರು ದಿನ ಕೂತು ನೋಡೋಕೆ ಪುರುಸೊತ್ತಿಲ್ಲ ಅಂದ್ರೆ ಎರಡನೇ ದಿನ ಇಲ್ಲಾ ಕೊನೇ ದಿನದ ಸಂಜೆ ಕೊನೆಯ ಎರಡು ಗಂಟೆ ನೋಡಿ, ತಂಪಿರತ್ತೆ, ರೇಸ್ ಸಿಮ್ಯುಲೇಷನ್ ಮಾಡೋರು ಆಗ್ಲೇ ಮಾಡೋದು ಜಾಸ್ತಿ. ಕಾಮೆಂಟರಿ ಸೌಂಡ್ ಕಮ್ಮಿ ಮಾಡಿ, ಒಂದು ಪರದೇಲಿ ಲೈವ್ ಟೈಮಿಂಗ್, ಇನ್ನೊಂದರಲ್ಲಿ ಆನ್‌ಬೋರ್ಡ್ ಇಟ್ಕೊಳ್ಳಿ. ಡ್ರೈವರ್‌ಗಳ ಇಂಟರ್‌ವ್ಯೂ ಬೇಕಾದ್ರೆ ಆಮೇಲೆ ನೋಡಿ, ನೋಡದಿದ್ರೂ ನಷ್ಟ ಇಲ್ಲ, ಎಲ್ಲರೂ "ಕಾರು ಬ್ಯಾಲೆನ್ಸ್ ಚೆನ್ನಾಗಿದೆ, ಇನ್ನೂ ಕೆಲಸ ಬಾಕಿ ಇದೆ" ಅಂತಾನೇ ಹೇಳೋದು.